ನಾವು ಉಸಿರಾಡುವ ಗಾಳಿಯ ಹುಟ್ಟು
(ವಾಚನಾಲಯವೊಂದರ ವ್ಯಾಖ್ಯಾನಮಾಲೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಶಾಸ್ತ್ರಜ್ಞನಲ್ಲದ ನನ್ನನ್ನು ಶಾಸ್ತ್ರದ ವಿಷಯವಾಗಿ ನಾಲ್ಕು ಮಾತು ಆಡೆಂದು ವ್ಯವಸ್ಥಾಪಕರು ಕರೆದಿರುವರು. ಕಾಲೇಜಿನಲ್ಲಿ ಓದಿದ ರಸಾಯನಶಾಸ್ತ್ರವು ಮರೆತು ಬಹಳ ಕಾಲವಾಯಿತು. ವಕೀಲಿಯಲ್ಲಿ ಕಲಿತದ್ದೊಂದೇ ಈಗ ನನ್ನ ಬಂಡವಲು. ಆದರೆ ಇಂದಿನ ವಿಷಯಕ್ಕೆ ಆ ಬಂಡವಲು ಪೂರಾ ನಿರುಪಯೋಗಿಯೆಂದು ನನಗೆ ತೋರಲಿಲ್ಲ. ಏಕೆಂದರೆ ಇದು ಪ್ರತ್ಯಕ್ಷ ಸಾಕ್ಷಿಯಿಲ್ಲದ ಮೊಕದ್ದಮೆ. ಘಟನೆ ನಡೆದು 400 ಕೋಟಿ ವರ್ಷಗಳ ಮೇಲಾಗಿದೆ. ಕಂಡವರಿಲ್ಲ, ಬರೆದಿಟ್ಟವರಂತೂ ಇಲ್ಲ. ಆದರೂ ಈ ಕ್ಷಣ ನಾವು ಒಳಗೆಳೆದುಕೊಂಡ ಗಾಳಿಯು ಮೊದಲು ಎಲ್ಲಿಂದ ಬಂತೆಂಬ ಪ್ರಶ್ನೆಗೆ ಇಂದು ನಂಬುಗೆಯಿಂದ ಉತ್ತರ ಹೇಳಲು ಬರುವದು. ಆ ಗಾಳಿಯು ಮೊದಲಿನಿಂದಲೂ ಭೂಮಿಯನ್ನು ಸುತ್ತಿಕೊಂಡಿದ್ದುದಲ್ಲ. ಅದರ ಬಹುಭಾಗವು ಭೂಮಿಯ ಒಡಲಿನಿಂದಲೇ ಮೇಲಕ್ಕೆ ಬಂದುದು. ಇದನ್ನು ನೀವು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಪುರಾವೆಗಳನ್ನು ಒಂದೊಂದಾಗಿ ಮುಂದಿಡುವೆನು.

ನಮ್ಮ ಭಾಗದವರಿಗೆ ಜ್ವಾಲಾಮುಖಿಯೆಂದರೆ ಪುಸ್ತಕದ ಮಾತು. ಭಾರತದಲ್ಲಿ ಇಂದು ಉರಿಯುವ ಜ್ವಾಲಾಮುಖಿಯಿರುವದು ದೂರದ ಅಂಡಮಾನ ಸಮುದ್ರದ ಬ್ಯಾರನ್ ದ್ವೀಪದಲ್ಲಿ. ಆದರೆ ಬೆಳಗಾವಿ ವಿಜಯಪುರಗಳ ಎರೆಭೂಮಿಯನ್ನು ಉಳುವ ಒಕ್ಕಲಿಗನು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದ ಮೇಲೆಯೇ ನೇಗಿಲು ಹೂಡುತ್ತಾನೆ. ಗೋಳಗುಮ್ಮಟದ ಕಪ್ಪು ಕಲ್ಲು ಅದೇ ರಸವು ಆರಿ ಆದದ್ದು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳುಂಟು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾರಸವು ತಣ್ಣೀರು ತಾಗಿ ಉಂಡೆಯುಂಡೆಯಾಗಿ ಹೆಪ್ಪುಗಟ್ಟಿದ ರೂಪವದು. ಕರಗಿದ ಕಲ್ಲು ಹೀಗೆ ನಮ್ಮ ಕಣ್ಣಮುಂದೆ ಉಳಿಯಿತು. ಅದರೊಡನೆ ಹೊರಬಿದ್ದ ಹೊಗೆ ಏನಾಯಿತು? ಅದನ್ನು ಯಾರೂ ಕೇಳುವದಿಲ್ಲ. ಇಂದಿನ ನನ್ನ ಭಾಷಣವೆಲ್ಲ ಆ ಹೊಗೆಯ ವಿಚಾರ.

ಇಂದಿನ ಒಣ ಗಾಳಿಯ 100 ಪಾಲಿನಲ್ಲಿ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ, ಒಂದು ಪಾಲಿಗೆ ತುಸು ಕಡಿಮೆ ಆರ್ಗಾನೆಂಬ ವಾಯು. ಉಳಿದವೆಲ್ಲ ಅಲ್ಪಸ್ವಲ್ಪ. ಸೂರ್ಯನೂ ಗ್ರಹಗಳೂ ಒಂದೇ ಮೂಲದಿಂದ ಆದವಾದ್ದರಿಂದ ಭೂಮಿಯು ಹುಟ್ಟುವಾಗಲೇ ಆ ಮೂಲದ ಗಾಳಿಯನ್ನು ಹೊದೆದುಕೊಂಡು ಬಂದಿರಬೇಕೆಂದು ಯಾರಾದರೂ ವಾದಿಸಬಹುದು. ವಾದವು ಕೇಳಲಿಕ್ಕೆ ಚೆನ್ನಾಗಿದೆ. ಆದರೆ ನಿಯಾನ್ ಎಂಬ ವಾಯುವು ಅದನ್ನು ಸುಳ್ಳು ಮಾಡುತ್ತದೆ. ಸೂರ್ಯನಲ್ಲಿ ನಿಯಾನ್ ಮತ್ತು ಸಾರಜನಕಗಳ ಪ್ರಮಾಣವು ಹೆಚ್ಚುಕಡಿಮೆ ಸರಿಸಮ. ನಮ್ಮ ಗಾಳಿಯಲ್ಲಾದರೋ 10 ಲಕ್ಷ ಪಾಲಿಗೆ ಸಾರಜನಕವು 7 ಲಕ್ಷ 80 ಸಾವಿರ ಪಾಲಿದ್ದರೆ ನಿಯಾನ್ ಕೇವಲ 18. ಈ ನಿಯಾನ್ ವಾಯುವು ಸಂನ್ಯಾಸಿಯಂಥದು. ಯಾವ ವಸ್ತುವಿನೊಡನೆಯೂ ಕೂಡಿಕೊಳ್ಳುವದಿಲ್ಲ, ಕಲ್ಲಿನಲ್ಲಿ ಬಚ್ಚಿಟ್ಟುಕೊಳ್ಳುವದಿಲ್ಲ. ಮೂಲದ ಗಾಳಿ ಉಳಿದಿದ್ದರೆ ಅದೂ ಉಳಿಯಲೇಬೇಕಾಗಿತ್ತು. ಅದು ಇಲ್ಲವೆಂದ ಮೇಲೆ ಮೂಲದ ಗಾಳಿ ನಮ್ಮ ಪಾಲಿಗೆ ನಿಲ್ಲಲಿಲ್ಲ. ಸಾರಜನಕ, ನೀರು, ಇಂಗಾಲ ಇವು ಕಲ್ಲುಗಳಲ್ಲಿ ಬೆರೆತು ಅಡಗಿ ಬಂದು, ಆಮೇಲೆ ಹೊರಬಿದ್ದಿರಬೇಕು. 1949ರಲ್ಲಿ ಅಮೇರಿಕೆಯ ಹ್ಯಾರಿಸನ್ ಬ್ರೌನ್ ಮತ್ತು ಆಸ್ಟ್ರಿಯದ ಹಾನ್ಸ್ ಸ್ಯೂಸ್ ಇಬ್ಬರೂ ಬೇರೆ ಬೇರೆಯಾಗಿ ಈ ನಿರ್ಣಯಕ್ಕೆ ಬಂದರು. ಸ್ಯೂಸರ ಹೆಸರನ್ನು ನೆನಪಿನಲ್ಲಿಡಿರಿ. ಕೊನೆಯಲ್ಲಿ ಅವರು ಮತ್ತೊಮ್ಮೆ ಕಟಕಟೆಗೆ ಬರುವರು.

ಇನ್ನು ಆರ್ಗಾನ್. ಇದೂ ಸಂನ್ಯಾಸಿಯೇ, ಆದರೆ ಇದು ನಿಯಾನಿನಂತೆ ಅಪರೂಪವಲ್ಲ. ಇದೆಲ್ಲಿಂದ ಬಂತು? ಕಲ್ಲುಗಳಲ್ಲಿ ಪೊಟ್ಯಾಸಿಯಂ ಎಂಬ ಧಾತುವುಂಟು. ಅದರ ಒಂದು ಬಗೆಯ ಪರಮಾಣುಗಳು ತಮ್ಮಷ್ಟಕ್ಕೆ ತಾವೇ ಒಡೆಯುತ್ತ, 125 ಕೋಟಿ ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತವೆ. ಹೀಗೆ ಒಡೆದುದರಲ್ಲಿ ಸುಮಾರು ಹತ್ತನೆಯ ಒಂದು ಪಾಲು 40ರ ತೂಕದ ಆರ್ಗಾನ್ ಆಗುತ್ತದೆ. ನಮ್ಮ ಗಾಳಿಯ ಆರ್ಗಾನನ್ನು ತೂಗಿ ನೋಡಿದರೆ ಅದರಲ್ಲಿ ನೂರಕ್ಕೆ 99ಕ್ಕೂ ಮೀರಿ ಈ ಬಗೆಯದೇ. ಅಂದರೆ ಅದು ಕಲ್ಲಿನೊಳಗೆ ಹುಟ್ಟಿ ಕಲ್ಲಿನಿಂದ ಹೊರಬಿದ್ದುದು. ಜರ್ಮನಿಯ ವೈಟ್ಸೆಕರ್ ಎಂಬವರು 1937ರಲ್ಲಿಯೇ ಇದನ್ನು ಊಹಿಸಿದ್ದರು. ನಾವು ನೂರು ಸಲ ಉಸಿರೆಳೆದುಕೊಂಡರೆ ಒಂದು ಉಸಿರಿನಷ್ಟು ವಾಯು ಭೂಗರ್ಭದಿಂದಲೇ ಬಂದದ್ದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಮತ್ತೊಂದು ಬೇಡ.

ಒಳಗಿನಿಂದ ಬಂದುದು ದಿಟ. ಆದರೆ ಏನೇನು ಬಂತು? ಇದಕ್ಕೆ ಉರಿಯುವ ಜ್ವಾಲಾಮುಖಿಯನ್ನೇ ವಿಚಾರಿಸಬೇಕು. ಇದು ಹೇಳುವಷ್ಟು ಸುಲಭವಲ್ಲ. ಕುದಿಯುವ ಕುಂಡದಿಂದ ಹೊಗೆ ಮೇಲೇಳುತ್ತಲೇ ಸುತ್ತಲಿನ ಗಾಳಿಯೊಡನೆ ಬೆರೆತುಬಿಡುತ್ತದೆ. ಆಗ ಹಿಡಿದರೆ ಅದು ಕಲಬೆರಕೆ ಸಾಕ್ಷಿ. ಜಿನೀವಾದ ಆಲ್ಬರ್ಟ್ ಬ್ರುನ್ ಎಂಬ ರಸಾಯನಶಾಸ್ತ್ರಿಯು 1911ರಲ್ಲಿ ಗ್ರಂಥ ಬರೆದು, ಜ್ವಾಲಾಮುಖಿಯ ನಿಜವಾದ ಉಸಿರಿನಲ್ಲಿ ನೀರೇ ಇಲ್ಲ, ಕಾಣುವ ಬಿಳಿ ಮೋಡವು ಲವಣಗಳ ಸೂಕ್ಷ್ಮ ಕಣವೆಂದು ಸಾರಿದನು. ಇದು ಸಣ್ಣ ತಕರಾರಲ್ಲ. ನೀರು ಒಳಗಿನಿಂದ ಬರದಿದ್ದರೆ ಸಮುದ್ರಗಳು ಎಲ್ಲಿಂದ ಬಂದವು? ಮರುವರ್ಷ, 1912ರಲ್ಲಿ, ಆರ್ಥರ್ ಡೇ ಮತ್ತು ಶೆಫರ್ಡ್ ಎಂಬ ಇಬ್ಬರು ಅಮೇರಿಕದವರು ಹವಾಯಿ ದ್ವೀಪದ ಕಿಲಾವೆಯಾ ಪರ್ವತದ ಕುಂಡದೊಳಕ್ಕೇ ಇಳಿದರು. ಅಲ್ಲಿ ಲಾವಾರಸವು ಹೆಪ್ಪುಗಟ್ಟಿ ಆದ ಒಂದು ಗುಮ್ಮಟದ ಬಿರುಕಿನಲ್ಲಿ ಉರಿ ಹೊರಚಾಚುತ್ತಿತ್ತು. ಅದರೊಳಕ್ಕೆ ಕಬ್ಬಿಣದ ಕೊಳವೆಯನ್ನು ತೂರಿಸಿ, ಗಾಜಿನ ನಳಿಗೆಗಳ ಸಾಲನ್ನು ಅದಕ್ಕೆ ಜೋಡಿಸಿ, ಹೊರಗಿನ ಗಾಳಿ ಬೆರೆಯುವ ಮೊದಲೇ ಒಳಗಿನ ಉಸಿರನ್ನು ಪಂಪಿನಿಂದ ಎಳೆದು ತುಂಬಿಕೊಂಡರು. ಸಾವಿರ ಡಿಗ್ರಿಯ ಕಾವಿನ ಬದಿಯಲ್ಲಿ ನಿಂತು ಮಾಡಿದ ಕೆಲಸವಿದು! ನಳಿಗೆಗಳಲ್ಲಿ ನೀರು ಇಳಿದು ನಿಂತಿತು. ಬ್ರುನ್‌ನ ವಾದ ಅಲ್ಲಿಗೆ ಬಿತ್ತು.

ಅಂದಿನಿಂದ ಇಂದಿನವರೆಗೆ ಅನೇಕ ಪರ್ವತಗಳ ಹೊಗೆಯನ್ನು ಹಿಡಿದು ನೋಡಿರುವರು. ಪ್ರಮಾಣವು ಒಂದೊಂದು ಕಡೆಗೆ ಒಂದೊಂದು ಬಗೆಯಾದರೂ ಹೆಸರುಗಳು ಅವೇ. ಎಲ್ಲಕ್ಕೂ ಹೆಚ್ಚು ನೀರಾವಿ. ಅದರ ಬಳಿಕ ಇಂಗಾಲಾಮ್ಲ ವಾಯು. ಬಳಿಕ ಉರಿದ ಗಂಧಕದ ಘಾಟಿನ ವಾಯು. ಸ್ವಲ್ಪ ಸಾರಜನಕ, ಸ್ವಲ್ಪ ಜಲಜನಕ. ಈ ಯಾದಿಯಲ್ಲಿ ಇಲ್ಲದ ಹೆಸರನ್ನು ಗಮನಿಸಿರಿ. ಪ್ರಾಣವಾಯುವೆಂದು ನಾವು ಕರೆಯುವ ಆಮ್ಲಜನಕವು ಇದರಲ್ಲಿ ಬಿಡಿಯಾಗಿ ಇಲ್ಲವೇ ಇಲ್ಲ.

ನಮ್ಮ ಕಡೆಯ ಸಾವಕಾರರಿಗೆ ಬಹಳ ಒಪ್ಪುವಂಥ ಒಂದು ಲೆಕ್ಕವನ್ನು ಅಮೇರಿಕೆಯ ವಿಲಿಯಂ ರೂಬಿ ಎಂಬವರು 1951ರಲ್ಲಿ ಪ್ರಕಟಿಸಿದರು. ಜಗತ್ತಿನ ಗಾಳಿ, ಸಮುದ್ರ, ಮಣ್ಣುಗಲ್ಲು ಸುಣ್ಣಗಲ್ಲುಗಳಲ್ಲೆಲ್ಲ ಒಟ್ಟು ನೀರೆಷ್ಟು, ಇಂಗಾಲವೆಷ್ಟು, ಕ್ಲೋರಿನ್ ಎಷ್ಟು, ಸಾರಜನಕವೆಷ್ಟು ಎಂದು ಒಂದು ಬದಿಗೆ ಬರೆದರು. ಹಳೆಯ ಬಂಡೆಗಳು ಸವೆದುದರಿಂದ ಇವುಗಳಲ್ಲಿ ಎಷ್ಟು ಬಂದೀತೆಂದು ಮತ್ತೊಂದು ಬದಿಗೆ ಬರೆದರು. ಖಾತೆ ಕೂಡಲಿಲ್ಲ. ಸೋಡಿಯಂ, ಸುಣ್ಣಾಂಶಗಳು ಬಂಡೆಗಳ ಸವೆತದಿಂದ ಸರಿಹೋದವು. ಆದರೆ ಜಮೆಯಾದ ನೀರಿಗೂ ಇಂಗಾಲಕ್ಕೂ ಕ್ಲೋರಿನಿಗೂ ಬಂದ ಮೂಲವೇ ಕಾಣಲಿಲ್ಲ. ಹೀಗೆ ಹೆಚ್ಚಾಗಿ ಉಳಿದ ವಸ್ತುಗಳಾವವೆಂದು ನೋಡಿದರೆ, ಅವು ಜ್ವಾಲಾಮುಖಿಯ ಹೊಗೆಯಲ್ಲಿ ಸಿಕ್ಕುವ ವಸ್ತುಗಳೇ! ಕಳವಾದ ಮಾಲಿನ ಯಾದಿಯೂ ಆರೋಪಿಯ ಮನೆಯಲ್ಲಿ ಸಿಕ್ಕ ಮಾಲಿನ ಯಾದಿಯೂ ಕೂಡಿಬಂದರೆ ನ್ಯಾಯಾಧೀಶರು ಏನು ಮಾಡುವರೆಂಬುದು ನಿಮಗೆ ಗೊತ್ತು.

ರೂಬಿಯವರ ತೀರ್ಪಿನ ಒಂದು ಭಾಗವು ಮೇಲಿನ ಕೋರ್ಟಿನಲ್ಲಿ ತಿದ್ದಲ್ಪಟ್ಟಿತೆಂಬುದನ್ನೂ ಹೇಳಬೇಕು. ಈ ಉಸಿರು ಯುಗಯುಗಾಂತರ ಮೆಲ್ಲಗೆ ಹೊರಬಂದಿತೆಂದು ಅವರು ತಿಳಿದಿದ್ದರು. ಆದರೆ ಭೂಮಿ ಹುಟ್ಟಿದ ಮೊದಲ ಹತ್ತಿಪ್ಪತ್ತು ಕೋಟಿ ವರ್ಷಗಳೊಳಗೇ, ಮೈಯೆಲ್ಲ ಕರಗಿ ಕುದಿಯುತ್ತಿದ್ದಾಗ, ಬಹುಭಾಗವು ಒಮ್ಮೆಲೆ ಹೊರಬಿದ್ದಿತೆಂದು ಕ್ಸೆನಾನ್ ಎಂಬ ಮತ್ತೊಂದು ಅಪರೂಪದ ವಾಯುವಿನ ಪರೀಕ್ಷೆಯಿಂದ ತಿಳಿದಿದೆ. ಆಕಾಶದಿಂದ ಬಿದ್ದ ಉಲ್ಕೆಗಳೂ ತಮ್ಮ ಪಾಲು ತಂದವು. ಆದರೂ ಮೂಲ ತೀರ್ಪು ನಿಂತಿತು.

ಇಲ್ಲಿ ಎದುರು ಪಕ್ಷದವರು ಎದ್ದು ಪಾಟೀಸವಾಲು ಹಾಕುವರು. “ವಕೀಲರೇ, ಇಂದಿನ ಹೊಗೆಯನ್ನು ಹಿಡಿದು ಅಂದಿನ ಹೊಗೆಯ ಮಾತು ಹೇಳುತ್ತೀರಿ. ಅಂದಿನದೂ ಹೀಗೆಯೇ ಇತ್ತೆಂಬುದಕ್ಕೆ ಆಧಾರವೇನು?” ಪ್ರಶ್ನೆಯು ನ್ಯಾಯವಾದುದು. ಹೆರಾಲ್ಡ್ ಯೂರಿಯಂಥ ಮಹಾ ಪಂಡಿತರೇ ಅಂದಿನ ಗಾಳಿಯು ಮೀಥೇನ್, ಅಮೋನಿಯ, ಜಲಜನಕಗಳಿಂದ ಕೂಡಿತ್ತೆಂದು ನಂಬಿದ್ದರು. ಅವರ ಶಿಷ್ಯ ಸ್ಟಾನ್ಲಿ ಮಿಲ್ಲರ್ 1953ರಲ್ಲಿ ಈ ವಾಯುಗಳನ್ನು ನೀರಾವಿಯೊಡನೆ ಗಾಜಿನ ಬುದ್ದಲಿಯಲ್ಲಿ ತುಂಬಿ, ವಿದ್ಯುತ್ತಿನ ಕಿಡಿ ಹಾಯಿಸಿ, ಜೀವಕ್ಕೆ ಬೇಕಾದ ಅಮಿನೋ ಆಮ್ಲಗಳನ್ನು ಪಡೆದರು. ಆ ಪ್ರಯೋಗದ ಕೀರ್ತಿಯಿಂದ ಆ ಗಾಳಿಯೇ ನಿಜವೆಂದು ಶಾಲೆಯ ಪುಸ್ತಕಗಳವರೆಗೆ ಹಬ್ಬಿತು. ಆದರೆ ಪ್ರಯೋಗವು ಸೊಗಸಾದುದೆಂದ ಮಾತ್ರಕ್ಕೆ ಅದರ ಆರಂಭದ ಊಹೆಯು ಸಿದ್ಧವಾಗುವದಿಲ್ಲ.

ಇದಕ್ಕೆ ಉತ್ತರ ಕೊಟ್ಟದ್ದು ಕಾಳಿಗಿಂತ ಚಿಕ್ಕದಾದ ಒಂದು ಹರಳು. ಪಶ್ಚಿಮ ಆಸ್ಟ್ರೇಲಿಯದ ಜ್ಯಾಕ್ ಗುಡ್ಡಗಳ ಮರಳುಗಲ್ಲಿನಲ್ಲಿ ಜಿರ್ಕಾನೆಂಬ ಹರಳುಗಳು ಸಿಕ್ಕಿವೆ. ಅವುಗಳಲ್ಲಿ ಕೆಲವು 440 ಕೋಟಿ ವರ್ಷದ ಹಿಂದಿನವು. ಭೂಮಿಗೇ 454 ಕೋಟಿ ವರ್ಷವೆಂಬುದನ್ನು ನೆನೆದರೆ ಇವು ಬಾಣಂತಿಕೋಣೆಯ ಸಾಕ್ಷಿಗಳು. ಶಿಲಾರಸದಲ್ಲಿ ಹರಳುಗಟ್ಟುವಾಗ ಇವು ಸೀರಿಯಂ ಎಂಬ ಧಾತುವನ್ನು ಒಳಗೆ ಸೇರಿಸಿಕೊಳ್ಳುತ್ತವೆ. ಎಷ್ಟು ಸೇರಿತೆಂಬುದು ಆ ರಸದಲ್ಲಿ ಆಮ್ಲಜನಕದ ಬಲವೆಷ್ಟಿತ್ತೆಂಬುದನ್ನು ಅವಲಂಬಿಸಿದೆ. 2011ರಲ್ಲಿ ಟ್ರೇಲ್, ವಾಟ್ಸನ್, ಟೇಲ್ಬಿ ಎಂಬ ಮೂವರು ಇದನ್ನು ಅಳೆದರು. 435 ಕೋಟಿ ವರ್ಷಗಳ ಹಿಂದಿನ ಶಿಲಾರಸವು ಹೆಚ್ಚುಕಡಿಮೆ ಇಂದಿನದರಂತೆಯೇ ಇತ್ತು. ಅಂಥ ರಸದಿಂದ ಮೀಥೇನ್ ಅಮೋನಿಯಗಳು ಏಳಲಾರವು. ನೀರಾವಿ, ಇಂಗಾಲಾಮ್ಲ, ಗಂಧಕದ ವಾಯು, ಸಾರಜನಕ ಇವೇ ಏಳತಕ್ಕವು. ಒಂದೇ ಸ್ಥಳದ ಹರಳುಗಳಿಂದ ಇಡೀ ಭೂಮಿಯ ಮಾತು ಹೇಳಬಹುದೇ ಎಂಬ ಚರ್ಚೆ ಇನ್ನೂ ನಡೆದಿದೆಯಾದರೂ ಪುರಾವೆಯ ಭಾರವು ಈ ಪಕ್ಷಕ್ಕೇ ವಾಲಿದೆ.

ಈಗ ಆ ಗಾಳಿಯನ್ನು ಊಹಿಸಿಕೊಳ್ಳಿರಿ. ಅದರಲ್ಲಿ ದೀಪ ಉರಿಯದು. ನಾವು ನಾಲ್ಕು ನಿಮಿಷ ಬದುಕಲಾರೆವು. ಇಂಗಾಲಾಮ್ಲವು ನೆಲಕ್ಕೆ ತಗ್ಗಿ ಹರಿದರೆ ಏನಾಗುವದೆಂಬುದನ್ನು ಆಫ್ರಿಕೆಯ ಕ್ಯಾಮರೂನಿನವರು ಬಲ್ಲರು. 1986ರ ಆಗಸ್ಟ್ 21ರ ರಾತ್ರಿ ಹಳೆಯ ಜ್ವಾಲಾಮುಖಿಯ ಕುಂಡದಲ್ಲಿರುವ ನಿಯೋಸ್ ಸರೋವರದ ತಳದಲ್ಲಿ ಕರಗಿ ನಿಂತಿದ್ದ ಆ ವಾಯುವು ಒಮ್ಮೆಲೆ ಹೊರನುಗ್ಗಿ, ಕಣಿವೆಗಳಲ್ಲಿ ಮಲಗಿದ್ದ 1,700ಕ್ಕೂ ಹೆಚ್ಚು ಜನರನ್ನು ದನಕರುಗಳೊಡನೆ ಕೊಂದಿತು. ಆದರೆ ಇದೇ ಕೊಲೆಗಡುಕ ವಾಯುವು ಅಂದು ಭೂಮಿಯನ್ನು ಉಳಿಸಿತು. ಬಾಲಸೂರ್ಯನ ಪ್ರಕಾಶವು ಇಂದಿಗಿಂತ ನೂರಕ್ಕೆ ಇಪ್ಪತ್ತೈದು ಮೂವತ್ತರಷ್ಟು ಕಡಿಮೆಯಿತ್ತು. ಇಂದಿನ ಗಾಳಿಯೇ ಅಂದು ಇದ್ದಿದ್ದರೆ ಸಮುದ್ರಗಳೆಲ್ಲ ಬರ್ಫವಾಗಬೇಕಾಗಿತ್ತೆಂದು 1972ರಲ್ಲಿ ಸೇಗನ್ ಮತ್ತು ಮಲೆನ್ ತೋರಿಸಿದರು. ಆದರೆ ಅಂದೂ ನೀರು ಹರಿಯುತ್ತಿತ್ತೆಂಬುದಕ್ಕೆ ಬಂಡೆಗಳೇ ಸಾಕ್ಷಿ. ಸಮುದ್ರದ ನೀರನ್ನು ಹೆಪ್ಪುಗಟ್ಟಗೊಡದೆ ಕಾಯ್ದ ಕಂಬಳಿಯಲ್ಲಿ ಮುಖ್ಯ ಎಳೆಯು ಜ್ವಾಲಾಮುಖಿಗಳ ಇಂಗಾಲಾಮ್ಲವೇ.

ಹಾಗಾದರೆ ಅಷ್ಟೊಂದು ಇಂಗಾಲಾಮ್ಲವು ಈಗ ಎಲ್ಲಿ? ನೀವು ಅದರ ಮೇಲೆಯೇ ಕುಳಿತಿರುವಿರಿ. ಈ ಸಭಾಗೃಹದ ನೆಲಕ್ಕೆ ಹಾಸಿದ ಶಹಾಬಾದಿ ಫರಸಿಯನ್ನು ನೋಡಿರಿ. ಇದು ಸುಣ್ಣಗಲ್ಲು. ಶುದ್ಧ ಸುಣ್ಣಗಲ್ಲಿನ 100 ಸೇರು ತೂಕದಲ್ಲಿ 44 ಸೇರು ಇಂಗಾಲಾಮ್ಲ ವಾಯುವೇ ಇರುವದು. ಸುಣ್ಣದ ಭಟ್ಟಿಯಲ್ಲಿ ಸುಟ್ಟಾಗ ಅದು ಹಾರಿಹೋಗಿ ಉಳಿದದ್ದು ಸುಣ್ಣ. ಮಳೆಹನಿಯು ಗಾಳಿಯ ಇಂಗಾಲಾಮ್ಲವನ್ನು ಕರಗಿಸಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಬಂಡೆಗಳನ್ನು ತಿಂದು ಸುಣ್ಣಾಂಶವನ್ನು ಹೊಳೆಗಳಲ್ಲಿ ಸಮುದ್ರಕ್ಕೆ ಒಯ್ಯುತ್ತದೆ. ಅಲ್ಲಿ ಎರಡೂ ಕೂಡಿ ಕಲ್ಲಾಗಿ ತಳಕ್ಕೆ ಕೂಡ್ರುತ್ತವೆ. ನಮ್ಮ ನೆರೆಯ ಶುಕ್ರಗ್ರಹದಲ್ಲಿ ಈ ಮಳೆಯ ಕೆಲಸ ನಡೆಯಲಿಲ್ಲ. ಅಲ್ಲಿನ ಇಂಗಾಲಾಮ್ಲವೆಲ್ಲ ಗಾಳಿಯಲ್ಲಿಯೇ ಉಳಿದು, ನಮ್ಮ ಗಾಳಿಗಿಂತ 90 ಪಟ್ಟು ಹೆಚ್ಚಿನ ಒತ್ತಡದಿಂದ ಕವಿದು, ನೆಲವು 460 ಡಿಗ್ರಿಗೂ ಮೀರಿ ಕಾದಿದೆ. ನಮ್ಮ ಸುಣ್ಣಗಲ್ಲುಗಳಲ್ಲಿ ಹುದುಗಿದ ವಾಯುವನ್ನೆಲ್ಲ ಬಿಡಿಸಿದರೆ ನಮಗೂ ಹೆಚ್ಚುಕಡಿಮೆ ಅಂಥದೇ ಹೊದಿಕೆಯಾದೀತು. ಶಹಾಬಾದ ವಾಡಿಗಳ ಗಣಿಯ ಕಲ್ಲು ನಮಗೆ ಕಟ್ಟಡದ ಸಾಮಾನು ಮಾತ್ರವೆಂದು ತಿಳಿದಿದ್ದೆವು; ಅದು ಈ ಭೂಮಿಯ ಸೆರೆಮನೆಯ ಒಂದು ಕೋಣೆ.

ಮಳೆಯೊಂದೇ ಕೆಲಸ ಮಾಡಿದ್ದರೆ ಇಂಗಾಲಾಮ್ಲವು ಪೂರಾ ತೀರಿ ಭೂಮಿಯು ಹೆಪ್ಪುಗಟ್ಟುತ್ತಿತ್ತು. ಸಮುದ್ರದ ತಳವು ಭೂಗರ್ಭಕ್ಕೆ ಇಳಿಯುವಲ್ಲಿ ಕಲ್ಲು ಮತ್ತೆ ಕಾದು, ಜ್ವಾಲಾಮುಖಿಗಳ ಮೂಲಕ ಆ ವಾಯುವು ತಿರುಗಿ ಹೊರಡುತ್ತದೆ. ಸಾಲ ತೀರಿಸಿದಂತೆಲ್ಲ ಹೊಸ ಸಾಲ ಕೊಡುವ ಪೇಟೆಯಿದು. ಸುಮಾರು 71.7 ಕೋಟಿ ವರ್ಷಗಳ ಹಿಂದೆ ಈ ಲೆಕ್ಕ ಒಮ್ಮೆ ತಪ್ಪಿ, ಬರ್ಫವು ಭೂಮಧ್ಯರೇಖೆಯವರೆಗೂ ಬಂದಿತು. ಬರ್ಫದ ಕೆಳಗೆ ಬಂಡೆಗೆ ಮಳೆ ತಾಗುವದು ನಿಂತಿತು; ಆದರೆ ಜ್ವಾಲಾಮುಖಿಗಳ ಉಸಿರು ನಿಲ್ಲಲಿಲ್ಲ. ಐದಾರು ಕೋಟಿ ವರ್ಷ ಇಂಗಾಲಾಮ್ಲವು ಖರ್ಚಿಲ್ಲದೆ ಕೂಡುತ್ತ ಹೋಗಿ, ಕೊನೆಗೆ ಅದರ ಕಾವಿನಿಂದಲೇ ಬರ್ಫ ಕರಗಿತು. ಹೀಗೆ ಬಿಡುಗಡೆಯಾಯಿತೆಂಬ ವಿಚಾರವನ್ನು 1992ರಲ್ಲಿ ಕಿರ್ಶ್‌ವಿಂಕ್ ಎಂಬವರು ಮುಂದಿಟ್ಟರು. ಇಂದು ಬಹುಮಂದಿ ಅದನ್ನು ಒಪ್ಪಿರುವರು.

ಆಮ್ಲಜನಕವನ್ನು ಗಾಳಿಗೆ ತಂದವು ಜ್ವಾಲಾಮುಖಿಗಳಲ್ಲ. ಬಿಸಿಲಿನಿಂದ ಬದುಕುವ, ಕಣ್ಣಿಗೆ ಕಾಣದ ನೀಲಿ ಪಾಚಿಯ ಜೀವಿಗಳು. ಜ್ವಾಲಾಮುಖಿಗಳಾದರೋ ತಮ್ಮ ಜಲಜನಕಾದಿ ವಾಯುಗಳಿಂದ ಅದನ್ನು ಹುಟ್ಟಿದಂತೆಲ್ಲ ನುಂಗುತ್ತಿದ್ದವು. ಬಹುಕಾಲ ಉತ್ಪನ್ನಕ್ಕಿಂತ ತೆರಿಗೆಯೇ ಹೆಚ್ಚಾಯಿತು. ಕೊನೆಗೆ ಸುಮಾರು 240 ಕೋಟಿ ವರ್ಷಗಳ ಹಿಂದೆ ಆಮ್ಲಜನಕವು ಗಾಳಿಯಲ್ಲಿ ನಿಂತಿತು. ಇದರ ಕಾಲ ಗೊತ್ತಾದದ್ದು ಹೇಗೆ? ಗಂಧಕದ ವಾಯುವಿನಿಂದ. ಮೇಲೆ ಓಝೋನಿನ ಮರೆಯಿಲ್ಲದ ಕಾಲದಲ್ಲಿ ಸೂರ್ಯನ ನೀಲಾತೀತ ಕಿರಣಗಳು ಕೆಳಗಿನವರೆಗೆ ಬಂದು ಆ ವಾಯುವನ್ನು ಒಡೆಯುತ್ತಿದ್ದವು. ಹಾಗೆ ಒಡೆದ ಗಂಧಕದಲ್ಲಿ ಹಗುರ ಭಾರ ಪರಮಾಣುಗಳ ಪ್ರಮಾಣವು ಬೇರಾವ ರೀತಿಯಿಂದಲೂ ಆಗದಂತೆ ಏರುಪೇರಾಗುತ್ತದೆ. ಅಂಥ ಗುರುತು ಹಳೆಯ ಬಂಡೆಗಳಲ್ಲಿ ಉಂಟು, ಆ ಕಾಲದ ಈಚಿನವುಗಳಲ್ಲಿ ಇಲ್ಲ. 2000ದಲ್ಲಿ ಫಾರ್ಕರ್ ಮತ್ತು ಸಂಗಡಿಗರು ಇದನ್ನು ಕಂಡುಹಿಡಿದರು.

ಇದಕ್ಕೆ ಕೂಡುವ ಒಂದು ಸಾಕ್ಷಿ ನಮ್ಮ ನಾಡಿನದೇ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಿಯು 19ನೆಯ ಶತಮಾನದಲ್ಲಿ ಇಲ್ಲಿಯ ಪುರಾತನ ಬಂಡೆಗಳಿಗೆ ಇಟ್ಟ ಧಾರವಾಡದ ಹೆಸರು ಇಂದು ಜಗತ್ತಿನ ಭೂಗರ್ಭಶಾಸ್ತ್ರದ ಗ್ರಂಥಗಳಲ್ಲೆಲ್ಲ ಉಂಟು. ಧಾರವಾಡದ ಬಹುಮಂದಿಗೆ ಮಾತ್ರ ಅದು ಗೊತ್ತಿಲ್ಲ! ಆ ವರ್ಗಕ್ಕೆ ಸೇರಿದ ಬಾಬಾಬುಡನ್ ಬಂಡೆಗಳ ತಳದಲ್ಲಿ, 270 ಕೋಟಿ ವರ್ಷಗಳಿಗೂ ಹಿಂದೆ ಹೊಳೆಗಳು ಉರುಳಿಸಿ ತಂದ ಗುಂಡುಕಲ್ಲುಗಳ ನಡುವೆ, ಕಬ್ಬಿಣ ಗಂಧಕಗಳು ಕೂಡಿದ ಹೊಂಬಣ್ಣದ ಕಣಗಳು ಸಿಕ್ಕಿವೆ. ಇಂದಿನ ಹೊಳೆಯಲ್ಲಿ ಅಂಥ ಕಣವು ನಾಲ್ಕು ಹರದಾರಿ ಹೋಗುವಷ್ಟರಲ್ಲಿ ಗಾಳಿಯ ಆಮ್ಲಜನಕಕ್ಕೆ ತುಕ್ಕು ಹಿಡಿದು ಕರಗಿಹೋದೀತು. ಅಂದಿನ ಹೊಳೆಯಲ್ಲಿ ತುಕ್ಕು ಹಿಡಿಯಲಿಲ್ಲ. ತುಕ್ಕು ಹಿಡಿಸುವ ವಾಯುವೇ ಇರಲಿಲ್ಲ.

ಕೊನೆಯದಾಗಿ, ಈಚೆಗೆ ಬಹಳ ಕಿವಿಗೆ ಬೀಳುವ ಒಂದು ವಾದಕ್ಕೆ ಉತ್ತರ ಕೊಡದೆ ಕೂಡ್ರಲಾರೆ. ಇಂಗಾಲಾಮ್ಲವು ಹೆಚ್ಚಿ ಹವೆ ಕಾಯುತ್ತಿದೆಯೆಂದರೆ, ಅದು ಜ್ವಾಲಾಮುಖಿಗಳ ಕೆಲಸ, ನಮ್ಮ ಚಿಮಣಿಗಳದಲ್ಲವೆಂದು ಕೆಲವರು ಹೇಳುವರು. ಜ್ವಾಲಾಮುಖಿಗಳ ಇಷ್ಟು ಮಹಿಮೆಯನ್ನು ಹೊಗಳಿದ ನಾನೇ ಅವುಗಳ ಪರವಾಗಿ ವಕೀಲಿ ವಹಿಸಬೇಕಾಗಿದೆ. ಇಂದಿನ ಜ್ವಾಲಾಮುಖಿಗಳೆಲ್ಲ ಕೂಡಿ ವರ್ಷಕ್ಕೆ ಬಿಡುವ ಇಂಗಾಲಾಮ್ಲವು 50 ಕೋಟಿ ಟನ್ನಿನ ಒಳಗೇ. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟು ಮನುಷ್ಯರು 2023ರಲ್ಲಿ ಬಿಟ್ಟದ್ದು ಸುಮಾರು 3,700 ಕೋಟಿ ಟನ್ನು. ಮೊದಲು ಹೇಳಿದ ಸ್ಯೂಸರು 1955ರಲ್ಲಿಯೇ ಮರದ ಉಂಗುರಗಳನ್ನು ಪರೀಕ್ಷಿಸಿ, ಗಾಳಿಯಲ್ಲಿ ಕಲ್ಲಿದ್ದಲಿನ ಹಳೆಯ ಇಂಗಾಲವು ಬೆರೆಯುತ್ತಿರುವ ಗುರುತನ್ನು ತೋರಿಸಿದ್ದರು. ಜ್ವಾಲಾಮುಖಿಯ ಇಂಗಾಲವೂ ಹಳೆಯದೇ ಅಲ್ಲವೇ ಎನ್ನುವಿರಾದರೆ, ಅದಕ್ಕೂ ಉತ್ತರವುಂಟು. ಇದ್ದಲು ಉರಿಯುವದಕ್ಕೆ ಆಮ್ಲಜನಕ ಬೇಕು. ಜ್ವಾಲಾಮುಖಿಯು ಇಂಗಾಲಾಮ್ಲವನ್ನು ಸಿದ್ಧವಾಗಿಯೇ ಹೊರಗೆ ಬಿಡುತ್ತದೆ. ಗಾಳಿಯಲ್ಲಿ ಇಂಗಾಲಾಮ್ಲವು ಏರಿದಂತೆಲ್ಲ ಆಮ್ಲಜನಕವು ಇಳಿಯುತ್ತಿರುವದನ್ನು ರಾಲ್ಫ್ ಕೀಲಿಂಗ್ ಎಂಬವರು ಅಳೆದು ತೋರಿಸಿರುವರು.

ಅವರ ತಂದೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಈ ಅಳತೆಯನ್ನು ಆರಂಭಿಸಿದ್ದು ಹವಾಯಿಯಲ್ಲಿಯೇ. ಡೇ ಮತ್ತು ಶೆಫರ್ಡರು ನಳಿಗೆ ತುಂಬಿದ ಕಿಲಾವೆಯಾದ ನೆರೆಯ ಪರ್ವತ ಮೌನಾ ಲೋವಾದ ಇಳಿಜಾರು ಅದರ ಠಾವು. ಅಂದು 10 ಲಕ್ಷಕ್ಕೆ ಸುಮಾರು 315 ಪಾಲಿದ್ದ ಇಂಗಾಲಾಮ್ಲವು 2024ರಲ್ಲಿ 420ನ್ನು ದಾಟಿತ್ತು. ಪರ್ವತದ ಸ್ವಂತ ಹೊಗೆಯು ಬೀಸಿದಾಗ ಅಲ್ಲಿಯವರು ಅದನ್ನು ಗುರುತಿಸಿ ಲೆಕ್ಕದಿಂದ ತೆಗೆದುಹಾಕುತ್ತಾರೆ. 2022ರ ನವಂಬರದಲ್ಲಿ ಮೌನಾ ಲೋವಾ ಎಚ್ಚತ್ತು, ಅದರ ಲಾವಾರಸವು ವೇಧಶಾಲೆಯ ದಾರಿಯನ್ನೂ ವಿದ್ಯುತ್ ತಂತಿಯನ್ನೂ ಕಡಿದುಹಾಕಿತು. ಅಳೆಯುವವರು ತಮ್ಮ ಉಪಕರಣವನ್ನು ಎದುರಿನ ಮೌನಾ ಕೇಯಾ ಪರ್ವತಕ್ಕೆ ಒಯ್ದು ಲೆಕ್ಕ ಮುಂದುವರಿಸಿದರು.